ಡಾಕ್ಟರೇಟ್ ಇರಲಿ, ಸಿದ್ದಕಟ್ಟೆಯ ಬಸ್ಸೂ ಇರಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯುವ ಮೇಷ್ಟ್ರುಗಳೇ, ಟೀಚರುಗಳೇ, ಒಂದು ಮಾತು. ಪಿಎಚ್‌.ಡಿ. ಇಲ್ಲದೆ ಪಾಠ ಮಾಡಲಾಗದೇ ಎಂದು ಕೊರಗಬೇಡಿ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದು ಕಡ್ಡಾಯ ಎಂದಿದ್ದ ಯುಜಿಸಿಯೇ 2023ರ ಜುಲೈಯಿಂದ ನೆಟ್, ಸೆಟ್ ಸಾಕು ಎಂದಿತು. ಪ್ರಾಥಮಿಕ ಶಾಲೆಗಂತೂ ಡಿ.ಎಡ್., ಟಿಇಟಿ ಬೇಕು. ಆಮೇಲೆ ಬೇಕಾದದ್ದು ಗಂಟಲು ಮತ್ತು ತಾಳ್ಮೆ.

1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನೇ ನೋಡಿ. ಅಧ್ಯಾಪಕರಾಗಿದ್ದರು, ಶಾಲಾ ಇನ್ಸ್‌ಪೆಕ್ಟರರಾಗಿದ್ದರು, 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಹೆಸರಿನ ಹಿಂದೆ ‘ಡಾ.’ ಇರಲಿಲ್ಲ. ‘ನಾಗರಹಾವು’ ಪದ್ಯ ಇವತ್ತಿಗೂ ಮಕ್ಕಳ ಬಾಯಲ್ಲಿದೆ.

ಹಾಗೆಂದು ಓದುವುದನ್ನು ಬಿಡಿ ಎನ್ನುತ್ತಿಲ್ಲ. ವಿಷಯದ ಮೇಲೆ ಪ್ರೀತಿ ಇದ್ದರೆ ಸಂಶೋಧನೆ ಮಾಡಿ. ಬಡ್ತಿಗಾಗಿ ಮಾತ್ರ ಬೇಡ. ಆ ಐದಾರು ವರ್ಷಗಳಲ್ಲಿ ಮೊದಲು ಕೈಬಿಟ್ಟು ಹೋಗುವವರು ಹಳೆಯ ಗೆಳೆಯರು. ‘ಥೀಸಿಸ್ ಮುಗಿಯಲಿ ಮಾರಾಯ’ ಎಂದು ಮದುವೆಗೂ ಹೋಗದೆ ಉಳಿದವನು ನಾನು. ನಿಮ್ಮ ಪಾಠ ಬೋರು ಎಂದು ಮುಖಕ್ಕೇ ಹೇಳುವವರು ಡಿ.ಎಡ್. ದಿನಗಳ ಜೊತೆಗಾರರೇ ಹೊರತು ಗೈಡ್ ಅಲ್ಲ.

ಬಂಟ್ವಾಳದಿಂದ ಮೂಡುಬಿದಿರೆಗೆ ಸಿದ್ದಕಟ್ಟೆ ದಾರಿ, ಬೆಳ್ತಂಗಡಿಯಿಂದಾದರೆ ವೇಣೂರು ದಾರಿ. ಮೂರೂ ಕಡೆಯವರು ಒಂದೆಡೆ ಸೇರಲು ಒಂದು ಭಾನುವಾರ ಸಾಕು. ಈ ವಾರವೇ ಒಬ್ಬರಿಗೆ ಫೋನ್ ಮಾಡಿ.