ಕಿವಿಯ ದಾರಿ ಮೂಗಿನ ಹಿಂದೆ

ಕಿವಿ ಕಟ್ಟಿಕೊಂಡಿದೆ ಎಂದು ಬಂದವರ ಮೂಗಿಗೆ ಎಂಡೋಸ್ಕೋಪ್ ಹಾಕಲು ಹೊರಟರೆ, ‘ಡಾಕ್ಟ್ರೇ, ತೊಂದ್ರೆ ಇರೋದು ಕಿವೀಲಿ’ ಎಂದು ನೆನಪಿಸುವವರೇ ಹೆಚ್ಚು. ಇಎನ್‌ಟಿ ಡಾಕ್ಟರಾಗಿ ಇಷ್ಟು ವರ್ಷಗಳಲ್ಲಿ ನಾನು ಗಟ್ಟಿಮಾಡಿಕೊಂಡ ಪಾಠವೆಂದರೆ, ಕಿವಿಯ ದೂರಿಗೆ ಮೂಗಿನ ಹಿಂಭಾಗವನ್ನೂ ನೋಡದೆ ಔಷಧಿ ಬರೆಯಬಾರದು ಎಂಬುದೇ. ಕಿವಿತಮಟೆಯ ಒಳಬದಿಗೆ ಗಾಳಿ ಹೋಗುವುದೇ ಅಲ್ಲಿಂದ, ಯುಸ್ಟೇಷಿಯನ್ ನಳಿಕೆಯ ಮೂಲಕ.

ನಾವು ಓದುವಾಗ ಆ ಜಾಗ ನೋಡಲು ಇದ್ದದ್ದು ಉದ್ದ ಹಿಡಿಯ ಪುಟ್ಟ ಕನ್ನಡಿ. ಉಸಿರಿಗೆ ಮಸುಕಾಗದಂತೆ ಅದನ್ನು ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ನಮ್ಮ ಕೈಯ ಹಿಂಬದಿಗೆ ತಾಗಿಸಿ ಬಿಸಿ ನೋಡಿಕೊಂಡು, ರೋಗಿಯ ಕಿರುನಾಲಿಗೆಯ ಹಿಂದಕ್ಕೆ ತೂರಿಸಬೇಕಿತ್ತು. ಎಲ್ಲಾದರೂ ತಗುಲಿತೋ, ವಾಕರಿಕೆ. ಕಂಡಷ್ಟು ಕಂಡಿತು.

ಎಂಡೋಸ್ಕೋಪ್‌ನಲ್ಲಿ ಎಲ್ಲವೂ ಪರದೆಯ ಮೇಲೆ ಬರುತ್ತದೆ. ಮೂಗಿನ ತಳದಗುಂಟ ಸಾಗಿ, ಪಕ್ಕದ ಗೋಡೆಯ ಮಡಿಕೆಯಾದ ಕೆಳಗಿನ ಟರ್ಬಿನೇಟ್ ಮುಗಿದು ಸುಮಾರು 1 ಸೆಂ.ಮೀ. ಹಿಂದೆ ಹೋದರೆ ಪಕ್ಕದ ಗೋಡೆಯಲ್ಲಿ ನಳಿಕೆಯ ಬಾಯಿ. ಅದರ ಮೇಲೂ ಹಿಂದೂ ಬಾಗಿ ನಿಂತ ಮೃದ್ವಸ್ಥಿಯ ಉಬ್ಬಿಗೆ ಟೋರಸ್ ಟ್ಯುಬೇರಿಯಸ್ ಎಂದು ಹೆಸರು. ಉಬ್ಬಿನ ಹಿಂದಿನ ಆಳದ ಸಂದು ರೋಸೆನ್‌ಮುಲ್ಲರ್ ಕುಳಿ. ಹೊಸ ವಿದ್ಯಾರ್ಥಿಗಳು ಕುಳಿಯನ್ನೇ ನಳಿಕೆ ಎಂದುಕೊಳ್ಳುವುದುಂಟು. ಉಬ್ಬಿನ ಮುಂದಿದ್ದರೆ ನಳಿಕೆ, ಹಿಂದಿದ್ದರೆ ಕುಳಿ, ಇಷ್ಟು ಗೊತ್ತಿದ್ದರೆ ಸಾಕು. ಆಮೇಲೆ ‘ಎಂಜಲು ನುಂಗಿ’ ಎನ್ನಬೇಕು. ಅಂಗುಳು ಮೇಲೇಳುತ್ತದೆ, ಉಬ್ಬು ಒಳಕ್ಕೆ ತಿರುಗುತ್ತದೆ, ಮುಚ್ಚಿಕೊಂಡಿದ್ದ ಬಾಯಿ ಅರೆಗಳಿಗೆ ತೆರೆಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. ಶಿರಾಡಿ ಘಾಟಿ ಇಳಿಯುವಾಗ ನುಂಗಿದೊಡನೆ ಕಿವಿ ‘ಟಪ್’ ಎಂದು ಬಿಡುವುದು ಇದರಿಂದಲೇ.

ಮಕ್ಕಳಲ್ಲಿ ಈ ನಳಿಕೆ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ಜೊತೆಗೆ ಮೂಗಿನ ಹಿಂಭಾಗದ ಅಂಗಾಂಶವಾದ ಅಡಿನಾಯ್ಡ್ ಊದಿಕೊಂಡರೆ ನೆಗಡಿಯೆಲ್ಲ ಕಿವಿಗೇ. ಬಾಯಿ ತೆರೆದು ಮಲಗುವ, ಟಿವಿ ಸೌಂಡ್ ಜಾಸ್ತಿ ಮಾಡುವ ಮಗುವನ್ನು ಕಂಡರೆ ನನಗೆ ಅಲ್ಲೇ ಅನುಮಾನ.

ದೊಡ್ಡವರ ಮಾತು ಬೇರೆ. ಐವತ್ತರ ಆಸುಪಾಸಿನ ಒಬ್ಬರು ಎಡಗಿವಿ ಮಾತ್ರ ಮಂದವೆಂದು ಬಂದಿದ್ದರು. ನೆಗಡಿ ಇರಲಿಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಎಣ್ಣೆ, ಬೇರೆಡೆ ಡ್ರಾಪ್ಸ್ ಎರಡೂ ಆಗಿದ್ದವು. ತಮಟೆಯ ಹಿಂದೆ ಹಳದಿ ನೀರು ನಿಂತಿತ್ತು. ಮೂಗಿಗೆ ಎಂಡೋಸ್ಕೋಪ್ ಹಾಕಿದೆ. ಬಲಗಡೆಯ ಕುಳಿ ಸರಿಯಾಗಿ ಕಂಡಿತು. ಎಡಗಡೆ ಕುಳಿಯೇ ಇಲ್ಲ, ನುಣ್ಣನೆಯ ಒಂದು ಗಡ್ಡೆ ಅದನ್ನು ತುಂಬಿಕೊಂಡಿತ್ತು. ಕತ್ತು ಮುಟ್ಟಿ ನೋಡಿದರೆ ಕಿವಿಯ ಕೆಳಗೆ ನೋವಿಲ್ಲದ ಗಂಟು. ಅದನ್ನವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಈ ಜಾಗದ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಈ ಕುಳಿಯಲ್ಲೇ. ದಕ್ಷಿಣ ಚೀನಾ, ನಾಗಾಲ್ಯಾಂಡ್ ಕಡೆ ಹೆಚ್ಚು, ನಮ್ಮಲ್ಲಿ ಅಪರೂಪ. ಅಪರೂಪವಾದ್ದರಿಂದಲೇ ಯಾರಿಗೂ ಬೇಗ ಹೊಳೆಯುವುದಿಲ್ಲ. ಚಿಕಿತ್ಸೆ ಮುಖ್ಯವಾಗಿ ರೇಡಿಯೇಷನ್. ಬೇಗ ಸಿಕ್ಕರೆ ಚೆನ್ನಾಗಿ ಬಗ್ಗುವ ಕಾಯಿಲೆ.

ಹಾಗೆಂದು ಕಿವಿ ಕಟ್ಟಿದವರೆಲ್ಲ ಹೆದರಬೇಕಿಲ್ಲ. ಹೆಚ್ಚಿನವರದು ನೆಗಡಿ, ಅಲರ್ಜಿ ಅಷ್ಟೇ. ಆದರೆ ದೊಡ್ಡವರಿಗೆ ಒಂದೇ ಕಿವಿ ವಾರಗಟ್ಟಲೆ ಕಟ್ಟಿಕೊಂಡಿದ್ದರೆ ಎಣ್ಣೆ ಬಿಡುತ್ತ ಕೂರಬೇಡಿ. ‘ಮೂಗಿನ ಹಿಂದೆಯೂ ನೋಡಿ’ ಎಂದು ನೀವೇ ಡಾಕ್ಟರನ್ನು ಕೇಳಿ. ಮರಗಟ್ಟಿಸುವ ಔಷಧಿ ಹಾಕಿದರೆ ಕೆಲವೇ ನಿಮಿಷದ ಕೆಲಸ, ಆಸ್ಪತ್ರೆಗೆ ಸೇರಬೇಕಾಗಿಲ್ಲ.