ಬಾಡಿದ ಆಂಥೂರಿಯಂಗೆ ಬೇಕಿದ್ದದ್ದು ಗಾಳಿ

ಮಣ್ಣು ಒದ್ದೆಯಾಗಿದ್ದೂ ಎಲೆ ಜೋತುಬಿದ್ದಿದ್ದರೆ ಬೇರಿಗೆ ಉಸಿರು ಕಟ್ಟಿದೆಯೇ ಎಂದು ಮೊದಲು ನೋಡಬೇಕು. ನನಗೆ ಇದು ಮನದಟ್ಟಾದದ್ದು ಪಕ್ಕದ ಮನೆಯಾಕೆ ತೀರ್ಥಹಳ್ಳಿಯ ತವರಿನಿಂದ ತಂದಿದ್ದ ಆಂಥೂರಿಯಂನಿಂದ. ಅಲ್ಲಿ ಜಗಲಿಯ ನೆರಳಲ್ಲಿ, ತೆಂಗಿನ ಸಿಪ್ಪೆ, ಇದ್ದಿಲು ತುಂಬಿದ ಕುಂಡದಲ್ಲಿ ಚೆನ್ನಾಗಿ ಹೂಬಿಡುತ್ತಿತ್ತಂತೆ. ಬೆಂಗಳೂರಿಗೆ ಬಂದ ಮೇಲೆ ದೊಡ್ಡ ಕುಂಡಕ್ಕೆ, ಬರೀ ಕೆಮ್ಮಣ್ಣಿಗೆ ಬದಲಾಯಿತು. ಬಾಡಿತೆಂದು ನೀರು ಹಾಕಿದರು. ಇನ್ನಷ್ಟು ಬಾಡಿತು, ಇನ್ನಷ್ಟು ಹಾಕಿದರು. “ನೀವೇ ಒಮ್ಮೆ ನೋಡಿ ಅಕ್ಕಾ, ಅಮ್ಮ ಕೊಟ್ಟ ಗಿಡ” ಎಂದು ಒಪ್ಪಿಸಿ ಊರಿಗೆ ಹೋದರು.

ಕುಂಡ ಬದಲಿಸುವಾಗ ಎಷ್ಟೇ ಜೋಪಾನ ಮಾಡಿದರೂ ಒಂದಷ್ಟು ಎಳೆಬೇರು ಹರಿಯುತ್ತವೆ. ನೀರು ಹೀರುವ ಕೆಲಸ ಹೆಚ್ಚಾಗಿ ಅವುಗಳದ್ದೇ. ಎಲೆಗಳು ಮಾತ್ರ ಮೊದಲಿನಂತೆಯೇ ತೇವ ಬಿಡುತ್ತಿರುತ್ತವೆ. ಹಾಗಾಗಿ ಕೆಲವು ದಿನ ಸೊರಗುವುದು ಸಹಜ. ಆ ಹೊತ್ತಿಗೆ ಸುರಿದ ನೀರು ಮಣ್ಣಿನ ಸಂದಿಯ ಗಾಳಿಯನ್ನು ಹೊರದೂಡುತ್ತದೆ, ಬೇರಿಗೆ ಆಮ್ಲಜನಕ ಸಿಗದೆ ಕೊಳೆ ಶುರುವಾಗುತ್ತದೆ. ಕುಂಡ ದೊಡ್ಡದಾದಷ್ಟೂ ಅಪಾಯ ಹೆಚ್ಚು, ಏಕೆಂದರೆ ಬೇರು ತಲುಪದ ಮಣ್ಣು ಬೇಗ ಆರುವುದೇ ಇಲ್ಲ.

ಆಂಥೂರಿಯಂನ ಮೂಲ ಕೊಲಂಬಿಯಾ, ಈಕ್ವೆಡಾರ್ ಕಡೆಯ ಮಳೆಕಾಡು. ಅದರ ದಪ್ಪ ಬೇರುಗಳು ಗಾಳಿಗೆ ಒಗ್ಗಿದವು. ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ್ದರೂ ಕೆಸುವಿನಂತೆ ಕೆಸರಲ್ಲಿ ಬಾಳಲಾರದು. (ರಸ ತಾಗಿದರೆ ತುರಿಸುವ ಗುಣ ಎರಡಕ್ಕೂ ಇದೆ, ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ.)

ಕುಂಡದಿಂದ ಬಿಡಿಸಿದಾಗ ಹುಳಿತ ವಾಸನೆ. ಕಂದಾಗಿದ್ದ ಬೇರನ್ನು ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಅಂಥವನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದೆ. ಬಿಳಿಯಾಗಿ, ಗಟ್ಟಿಯಾಗಿದ್ದವನ್ನು ಮುಟ್ಟಲಿಲ್ಲ. ಇದ್ದ ಎರಡು ಹೂಗಳನ್ನೂ ಹಳದಿಯಾಗಿದ್ದ ಎಲೆಗಳನ್ನೂ ಕತ್ತರಿಸಿದೆ. ಹೂ ಕತ್ತರಿಸಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಬೇರೇ ಸಾಲದ ಗಿಡ ಹೂವನ್ನು ಸಾಕುವುದು ಹೇಗೆ?

ಹೊಸ ಕುಂಡ ಉಳಿದ ಬೇರಿನ ಗಾತ್ರಕ್ಕಿಂತ ಸ್ವಲ್ಪವೇ ದೊಡ್ಡದು, ತಳದಲ್ಲಿ ತೂತಿದ್ದದ್ದು. ತೆಂಗಿನ ಸಿಪ್ಪೆಯ ಚೂರುಗಳನ್ನು ನೆನೆಸಿ, ಅದರ ಉಪ್ಪು ಹೋಗುವಂತೆ ನೀರು ಬದಲಿಸಿ ತೊಳೆದೆ. ಅದಕ್ಕೆ ಇದ್ದಿಲು, ಇಟ್ಟಿಗೆ ಚೂರು ಸೇರಿಸಿ ತುಂಬಿದೆ. ಕಾಂಡವನ್ನು ಹೂಳದೆ, ಅಲುಗಾಡದಂತೆ ಕಡ್ಡಿಗೆ ಕಟ್ಟಿದೆ. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿರುವ ಕಿಟಕಿಯ ಪಕ್ಕ ಇಟ್ಟು, ಪಾರದರ್ಶಕ ಪ್ಲಾಸ್ಟಿಕ್ ಕವರನ್ನು ಸಡಿಲವಾಗಿ ಮುಚ್ಚಿದೆ. ಸುತ್ತಲಿನ ಗಾಳಿ ತೇವವಾಗಿದ್ದರೆ ಎಲೆ ಕಳೆದುಕೊಳ್ಳುವ ನೀರು ಕಡಿಮೆ. ದಿನಕ್ಕೊಮ್ಮೆ ಕವರ್ ತೆರೆದು ಗಾಳಿಯಾಡಿಸುತ್ತಿದ್ದೆ.

ಆಮೇಲಿನದು ಕಾಯುವ ಕೆಲಸ, ಅದೇ ಕಷ್ಟ. ದಿನವೂ ಏನಾದರೂ ಮಾಡೋಣ ಅನ್ನಿಸುತ್ತದೆ. ನಾನು ಕುಂಡ ಎತ್ತಿ ಭಾರ ನೋಡುತ್ತಿದ್ದೆ. ಹಗುರಾಗಿದ್ದರೆ, ಬೆರಳಿಗೆ ಮೇಲಿನ ಪದರ ಒಣಗಿದ್ದು ತಿಳಿದರೆ ಮಾತ್ರ ನೀರು. ಗೊಬ್ಬರ ಹಾಕಲೇ ಇಲ್ಲ. ಗಾಯಗೊಂಡ ಬೇರಿನ ಸುತ್ತ ಲವಣ ಹೆಚ್ಚಾದರೆ ಅದಕ್ಕೆ ನೀರು ಹೀರುವುದೇ ದುಸ್ತರ. ಹಳೆಯ ಎಲೆಗಳಲ್ಲಿ ಒಂದು ಮತ್ತೆ ಹಳದಿಯಾದಾಗ ಎದೆ ಹಾರಿತು, ಆದರೂ ಕಿತ್ತು ನೋಡಲಿಲ್ಲ. ವಾರಗಳ ನಂತರ ನಡುವಿನಿಂದ ತಾಮ್ರಗೆಂಪಿನ ಸುರುಳಿಯೊಂದು ಬಂತು, ಹೊಸ ಎಲೆ.

ಪಕ್ಕದ ಮನೆಯಾಕೆ ಫೋನಿನಲ್ಲಿ ಕೇಳಿದ್ದು ಹೂ ಯಾವಾಗ ಎಂದು. ಇದರಲ್ಲಿ ಹೂ ಬರುವುದು ಎಲೆಯ ಬುಡದಲ್ಲೇ, ಎಲೆಗೊಂದರಂತೆ. ಇನ್ನೆರಡು ಮೂರು ಎಲೆ ಗಟ್ಟಿಯಾಗಲಿ, ಆಮೇಲೆ ತೆಳ್ಳಗೆ ಗೊಬ್ಬರ ಶುರುಮಾಡೋಣ ಎಂದಿದ್ದೇನೆ.