ಇಂಜಿನ್ ಆಫ್ ಆದೊಡನೆ ಬೋಟಿನ ಫ್ರಿಜ್ಜೂ ಬಂದ್

ಪ್ರಶ್ನೆ: ಕೆಮ್ಮಣ್ಣು ಬಳಿ ಸ್ವರ್ಣಾ ಹೊಳೆಯಲ್ಲಿ ನಮ್ಮದೊಂದು ವಿಹಾರದ ಬೋಟಿದೆ. ಅಡುಗೆ ಕಟ್ಟೆಯ ಕೆಳಗೆ ಕೂರಿಸಿದ 12 ವೋಲ್ಟ್ ಫ್ರಿಜ್ ಇಂಜಿನ್ ಓಡುವಾಗ ಸರಿ. ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೇ ಬಂದ್. ಗ್ಯಾಸ್ ತುಂಬಿಸಬೇಕೆನ್ನುತ್ತಾರೆ. ತುಂಬಿಸಲೇ? – ಉಡುಪಿ ಓದುಗರು

ಉತ್ತರ: ಈಗಲೇ ಬೇಡ. ಗ್ಯಾಸ್ ಕಡಿಮೆಯಾಗಿದ್ದರೆ ಇಂಜಿನ್ ಓಡುವಾಗಲೂ ತಂಪಾಗುತ್ತಿರಲಿಲ್ಲ. ನನ್ನ ಅನುಮಾನ ವಯರಿಂಗ್ ಮೇಲೆ.

ಇಂಜಿನ್ ಓಡುವಾಗ ಆಲ್ಟರ್ನೇಟರ್ 14 ವೋಲ್ಟಿನಷ್ಟು ಕೊಡುತ್ತದೆ, ದೋಷ ಮುಚ್ಚಿಹೋಗುತ್ತದೆ. ನಿಂತ ಮೇಲೆ ಬ್ಯಾಟರಿಯೇ ಗತಿ. ಡ್ಯಾನ್‌ಫಾಸ್ ಮಾದರಿಯ ಕಂಪ್ರೆಸರ್‌ಗಳು ಸಾಮಾನ್ಯವಾಗಿ 10.4 ವೋಲ್ಟಿಗೆ ಇಳಿದರೆ ಬ್ಯಾಟರಿ ಉಳಿಸಲು ತಾವೇ ನಿಲ್ಲುತ್ತವೆ. ಅದರ ಕಂಟ್ರೋಲರಿಗೆ ಎಲ್‌ಇಡಿ ಇದ್ದರೆ ನೋಡಿ: ಬಿಟ್ಟುಬಿಟ್ಟು ಒಂದೊಂದೇ ಸಲ ಮಿನುಗಿದರೆ ವೋಲ್ಟೇಜ್ ಸಾಲುತ್ತಿಲ್ಲ, ಐದು ಸಲವಾದರೆ ಬಿಸಿ ಹೆಚ್ಚಿದೆ.

ಫ್ರಿಜ್ ಶುರುವಾಗುವ ಕ್ಷಣದಲ್ಲಿ ಮಲ್ಟಿಮೀಟರಿನಿಂದ ಬ್ಯಾಟರಿಯ ತುದಿಯಲ್ಲೂ ಕಂಟ್ರೋಲರಿನ ತುದಿಯಲ್ಲೂ ಅಳೆಯಿರಿ. ಅಲ್ಲಿ 12.5, ಇಲ್ಲಿ 10.5 ಬಂದರೆ ಕಳ್ಳ ನಡುವೆ ಇದ್ದಾನೆ. ಎರಡೂ ಕಡೆ ಒಟ್ಟಿಗೇ ಇಳಿದರೆ ಬ್ಯಾಟರಿ ಪರೀಕ್ಷಿಸಿ. ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಹೋಲ್ಡರ್ ಬಿಚ್ಚಿದರೆ ಉಪ್ಪುಗಾಳಿಗೆ ಹಿಡಿದ ಹಸಿರು ಕಿಲುಬು ಕಾಣಬಹುದು. ಉಜ್ಜಿ ತೆಗೆಯಿರಿ, ವಯರ್ ಒಳಗೇ ಕಪ್ಪಾಗಿದ್ದರೆ ತವರ ಲೇಪಿಸಿದ, ದಪ್ಪನೆಯ ಹೊಸ ತಾಮ್ರದ ವಯರ್ ಎಳೆಸಿ. ಮನೆ ವಯರಿಂಗಿನವರಿಗಿಂತ ಮಲ್ಪೆ ಬಂದರಿನ ಬೋಟ್ ಎಲೆಕ್ಟ್ರಿಷಿಯನ್ನರೇ ಇದಕ್ಕೆ ಸರಿ. ಕಂಡೆನ್ಸರ್ ಪಕ್ಕ ತುರುಕಿದ ಲೈಫ್ ಜಾಕೆಟ್, ಚೀಲಗಳನ್ನೂ ತೆಗೆಯಿರಿ, ಗಾಳಿಯಾಡಲಿ.

ವಯರು ಸುಟ್ಟ ವಾಸನೆ ಬಂದರೆ ಅಥವಾ ಪೈಪಿನ ಬೆಸುಗೆಯಲ್ಲಿ ಎಣ್ಣೆ ಜಿನುಗಿದ್ದರೆ ನೀವು ಕೈಹಾಕಬೇಡಿ, ರೆಫ್ರಿಜರೇಶನ್ ತಂತ್ರಜ್ಞರನ್ನು ಕರೆಸಿ. ಲೇಬಲಿನಲ್ಲಿ ಆರ್600ಎ ಎಂದಿದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸ್, ಅವರಿಗೆ ಮೊದಲೇ ಹೇಳಿಬಿಡಿ.